ಮೇಲ್ಬೀದಿಯ ನೀರು

ತೊರೆಕಟ್ಟೆಯಲ್ಲಿ ಬೆಳಿಗ್ಗೆ ನಲ್ಲಿಗೆ ನೀರು ಬರುವ ಮೊದಲೇ ಫೋನಿಗೆ ಸುದ್ದಿ ಬಂದಿರುತ್ತಿತ್ತು. ‘ಇಂದು ಮೇಲ್ಬೀದಿ ಆರರಿಂದ ಏಳೂವರೆ. ಕೆಳಬೀದಿ ಎಂಟರಿಂದ ಒಂಬತ್ತು. ಸಂತೆಬೀದಿಗೆ ನಾಳೆ.’ ಹಾಕುತ್ತಿದ್ದವಳು ಚೈತ್ರ. ಅವಳಿಗೆ ಹೇಳುತ್ತಿದ್ದವನು ಅವಳ ಮಾವ ಮಾಯಣ್ಣ, ಪಂಚಾಯಿತಿಯ ನೀರುಗಂಟಿ. ಪಂಪು ಹಾಕಿ, ಬೀದಿಗೊಂದರಂತೆ ಇರುವ ಟ್ಯಾಂಕು ತುಂಬಿಸಿ, ಬೀದಿಬೀದಿಯ ಗೇಟ್‌ವಾಲು ತಿರುಗಿಸಿ ನೀರು ಬಿಡುವುದು ಇಪ್ಪತ್ತಾರು ವರ್ಷದಿಂದ ಅವನ ಕೆಲಸ.

ಕೊರೊನಾ ಕಾಲದಲ್ಲಿ ಲಸಿಕೆ ಯಾವತ್ತು, ಎಲ್ಲಿ ಅಂತ ತಿಳಿಸಲು ಚೈತ್ರ ಶುರು ಮಾಡಿದ ವಾಟ್ಸಾಪ್ ಗುಂಪು ಅದು. ಹೆಸರು ‘ತೊರೆಕಟ್ಟೆ ಸುದ್ದಿ’. ಈಗ ಒಂಬೈನೂರು ಜನ ಇದ್ದರು. ರೇಷನ್ ಸರ್ವರ್ ಕೈಕೊಟ್ಟರೆ, ಕರೆಂಟು ಹೋಗುವುದಿದ್ದರೆ, ದನಗಳಿಗೆ ಕಾಲುಬಾಯಿ ಲಸಿಕೆ ಬಂದರೆ, ತಿಪಟೂರಿನಲ್ಲಿ ಕೊಬ್ಬರಿ ಬೆಲೆ ಏರಿದರೆ ಎಲ್ಲವೂ ಅಲ್ಲಿ ಬರುತ್ತಿತ್ತು. ಚೈತ್ರ ಬಿ.ಎ. ಓದಿದ್ದಳು. ಹಸು ಕಟ್ಟಿ, ಮುದ್ದೆಗೆ ಹಿಟ್ಟು ತೊಳಸಿ, ಮಗಳು ಧನ್ಯಶ್ರೀಯನ್ನು ಶಾಲೆಗೆ ಕಳಿಸಿ, ನಡುವೆ ಬಿಡುವಾದಾಗ ಗೋಡೆಗೊರಗಿ ನಿಂತು ಟೈಪು ಮಾಡುವಳು.

ಶ್ರಾವಣದ ಮೊದಲ ವಾರ ಅವಳು ಒಂದು ಪತ್ರಿಕೆಯ ತುಂಡಿನ ಫೋಟೊ ಹಾಕಿದಳು. ತೊರೆಕಟ್ಟೆ ಗ್ರಾಮ ಪಂಚಾಯಿತಿಗೆ ಸುತ್ತಿನ ನಾಲ್ಕು ಹಳ್ಳಿ ಸೇರಿಸಿ ಪಟ್ಟಣ ಪಂಚಾಯಿತಿ ಮಾಡುವ ಪ್ರಸ್ತಾವನೆ ಇದೆ, ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಸಲ್ಲಿಸಬೇಕು ಅಂತ ಅದರಲ್ಲಿತ್ತು.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ಅಂಕಮ್ಮ ಮುದ್ದೆ ಕಟ್ಟುತ್ತಲೇ ಕೇಳಿದಳು.

“ಹಂಗಾದ್ರೆ ಇನ್ಮೇಲೆ ನಾವು ಹಳ್ಳಿಯೋರಲ್ವಾ?”

“ಟೌನ್‌ನೋರು ಕಣಮ್ಮ,” ಎಂದ ಮಗ ಗಂಗಾಧರ. ಅವನು ನೊಣವಿನಕೆರೆ ಕಡೆಯ ತೋಟಗಳಿಂದ ತಿಪಟೂರಿಗೆ ಕಾಯಿ ಸಾಗಿಸುವ ಗೂಡ್ಸ್ ಆಟೊ ಇಟ್ಟಿದ್ದ. “ಸೈಟಿನ ರೇಟು ಎರಡರಷ್ಟಾಗ್ತೈತೆ ನೋಡು. ಚರಂಡಿ, ಲೈಟು, ಎಲ್ಲಾ ಬತ್ತವೆ.”

“ಕಂದಾಯನೂ ಎರಡರಷ್ಟಾಗುತ್ತೆ,” ಎಂದಳು ಚೈತ್ರ. “ಖಾತ್ರಿ ಕೆಲಸ ಟೌನಿಗೆ ಇಲ್ವಂತೆ.”

ಅಂಕಮ್ಮನ ಕೈ ನಿಂತಿತು. ಬದು, ತೆಂಗಿನ ಗುಂಡಿ ಅಂತ ವರ್ಷಕ್ಕೆ ಅರವತ್ತು ಎಪ್ಪತ್ತು ದಿನ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುತ್ತಿದ್ದಳು ಅವಳು.

“ಇಲ್ವಂತೆ ಅಂದ್ರೆ? ಯಾರು ಹೇಳಿದ್ದು?”

“ಗ್ರೂಪಲ್ಲಿ ಯಾರೋ ಹಾಕಿದ್ರು ಅತ್ತೆ. ನಿಜವೋ ಸುಳ್ಳೋ ಕೇಳ್ಬೇಕು.”

“ನಂಗೆ ಕೆಲಸ ಇಲ್ಲ ಅನ್ನೋ ಸುದ್ದಿನ ನನ್ನ ಸೊಸೇನೇ ಊರಿಗೆಲ್ಲ ಹಂಚವ್ಳೆ. ಚೆನ್ನಾಗೈತೆ.”

ಮಾಯಣ್ಣ ಸಾರಿನಲ್ಲಿ ಮುದ್ದೆ ಅದ್ದಿದವನು ಹಾಗೇ ಹಿಡಿದುಕೊಂಡಿದ್ದ. “ನೀರುಗಂಟಿ?” ಎಂದ.

“ಏನು ಮಾವ?”

“ಪಟ್ಟಣ ಪಂಚಾಯ್ತೀಲಿ ನೀರುಗಂಟಿ ಅಂತ ಇರ್ತಾನಾ?”

ಯಾರಿಗೂ ಗೊತ್ತಿರಲಿಲ್ಲ. ಐದನೇ ಕ್ಲಾಸಿನ ಧನ್ಯಶ್ರೀ, “ಟೌನಲ್ಲಿ ನೀರು ಕುಡಿಯಲ್ವಾ ತಾತ? ಇರ್ತಾರೆ ಬುಡು,” ಅಂದಳು. ಮಾಯಣ್ಣನೊಬ್ಬನನ್ನು ಬಿಟ್ಟು ಎಲ್ಲರೂ ನಕ್ಕರು.

ಮರುದಿನ ಚೈತ್ರ ಸುಮ್ಮನಿರಲಾರದೆ ಫೋನು ಮಾಡಲು ಕೂತಳು. ತಾಲ್ಲೂಕು ಕಚೇರಿಯಲ್ಲಿ ಒಬ್ಬರು, ಈಗಿರುವ ನೌಕರರೆಲ್ಲ ಹಾಗೇ ಮುಂದುವರೀತಾರಮ್ಮ ಅಂದರು. ಅದೇ ನಂಬರಿಗೆ ಮಧ್ಯಾಹ್ನ ಮತ್ತೆ ಮಾಡಿದಾಗ ಬೇರೆ ದನಿ, ಹತ್ತನೇ ಕ್ಲಾಸು ಪಾಸಾದವರನ್ನು ಮಾತ್ರ ತಗೋತಾರೆ ಅಂದಿತು. ಮೂರನೆಯವರು ತುಮಕೂರಿನಲ್ಲಿ ಕೇಳಿ ಅಂದರು. ತುಮಕೂರಿನ ಫೋನು ಗಂಟೆ ಹೊಡೆದು ಹೊಡೆದು ಸುಮ್ಮನಾಯಿತು. ಮಾಯಣ್ಣ ಓದಿದ್ದು ನಾಲ್ಕನೇ ಕ್ಲಾಸು. ವಯಸ್ಸು ಐವತ್ತೆಂಟು.

“ಏನಂದ್ರು?” ಎಂದು ಕೇಳಿದ, ಪಂಪ್‌ಹೌಸಿಂದ ಬಂದು ಕಾಲು ತೊಳೆಯುತ್ತಾ.

“ಒಬ್ಬೊಬ್ರು ಒಂದೊಂದು ಹೇಳ್ತಾರೆ ಮಾವ.”

“ಒಳ್ಳೇದು ಹೇಳ್ದೋರು ಯಾರು? ಅವರ ಹೆಸರು ಬರ್ಕಂಡ್ಯಾ?”

ಬರೆದುಕೊಂಡಿರಲಿಲ್ಲ.

ಎರಡನೇ ವಾರ ಪಂಚಾಯಿತಿಗೆ ಒಂದು ಸುತ್ತೋಲೆ ಬಂತು. ನೌಕರರ ಪಟ್ಟಿ ಕಳಿಸಬೇಕಂತೆ. ಕರ ವಸೂಲಿಯ ಶ್ರೀರಂಗಯ್ಯ ದಾರಿಯಲ್ಲಿ ಮಾಯಣ್ಣನನ್ನು ನಿಲ್ಲಿಸಿ, “ಪಟ್ಟೀಲಿ ಹೆಸರು ಹೋದೋರು ಉಳೀತಾರೆ ಕಣಪ್ಪ. ಹೋಗ್ದೇ ಇದ್ದೋರು ಹೋದ್ರು. ಸಾಹೇಬ್ರನ್ನ ನೋಡು,” ಅಂದ. ಸಾಹೇಬ್ರು ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಪಿಡಿಓ. ಬಂದು ಒಂದು ವರ್ಷವಾಗಿತ್ತು. ಕೆಟ್ಟವರೇನಲ್ಲ, ಯಾರನ್ನೂ ಬೈಯುತ್ತಿರಲಿಲ್ಲ.

ಆ ಸಂಜೆ ಮಾಯಣ್ಣ ಮನೆಗೆ ಬಂದಾಗ ಕೈಯಲ್ಲಿ ಖಾರಾಬೂಂದಿಯ ಪೊಟ್ಟಣವಿತ್ತು. ಮೊಮ್ಮಗಳನ್ನು ಕೂಗಿ ಕೊಟ್ಟ. ಜಗುಲಿಯ ಮೇಲೆ ಕೂತು ಬಲಗೈ ಬೆರಳುಗಳನ್ನು ಮಡಿಸಿ ಬಿಡಿಸಿದ.

“ಪಟ್ಟೀಲಿ ಹಾಕ್ತೀನಿ ಅಂದ್ರು. ಮೊದಲ್ನೇ ಹೆಸರೇ ನಂದಂತೆ.”

“ದೇವ್ರು ಕಣ್ಬಿಟ್ಟ,” ಎಂದಳು ಅಂಕಮ್ಮ. “ಕೈಗೇನಾಯ್ತು?”

“ಸಹಿ ಹಾಕಿ ಹಾಕಿ ಸಾಕಾಯ್ತು ಕಣೇ. ಹದಿನೇಳು ವಾರದ್ದು ಒಂದೇ ಸಲಕ್ಕೆ. ಪಟ್ಟಣ ಪಂಚಾಯ್ತಿ ಆಯ್ತದಲ್ಲ, ವಹಿಗಳೆಲ್ಲ ಕ್ಲಿಯರ್ ಇರ್ಬೇಕಂತೆ.”

ಚೈತ್ರ ಒಳಗೆ ಹಾಲು ಸೋಸುತ್ತಿದ್ದವಳು ಹೊರಗೆ ಬಂದಳು. “ಯಾವ ವಹಿ ಮಾವ?”

“ಪೌಡ್ರು ವಹಿ. ಟ್ಯಾಂಕಿಗೆ ಬ್ಲೀಚಿಂಗ್ ಪೌಡ್ರು ಹಾಕಿದ್ದು.”

“ಪೌಡ್ರು ಬಂದಿತ್ತಾ?”

“ಎಲ್ಬಂತು? ಯುಗಾದಿಯಿಂದೀಚೆಗೆ ಒಂದು ಚೀಲನೂ ಬಂದಿಲ್ಲ. ಕ್ರಿಯಾಯೋಜನೆ ಪಾಸಾಗಿಲ್ಲ, ದುಡ್ಡಿಲ್ಲ ಅಂತಾರೆ.”

“ಮತ್ತೆ ಹಾಕಿದೀನಿ ಅಂತ ಸಹಿ ಯಾಕೆ ಹಾಕಿದ್ರಿ?”

ಮಾಯಣ್ಣ ಸೊಸೆಯ ಮುಖ ನೋಡಿದ. ಅವಳು ಏನು ಕೇಳುತ್ತಿದ್ದಾಳೆ ಅನ್ನುವುದೇ ಅವನಿಗೆ ಪೂರ್ತಿ ಹೊಳೆದ ಹಾಗೆ ಕಾಣಲಿಲ್ಲ. “ಸಾಹೇಬ್ರು ಹಾಕು ಅಂದ್ರು, ಹಾಕ್ದೆ. ಅವರೇನು ನನ್ ತೋಟ ಬರ್ಸ್ಕಂಡ್ರಾ?”

“ಬುಡು ಚೈತ್ರ,” ಎಂದ ಗಂಗಾಧರ, ಆಟೊ ಒರೆಸುತ್ತಾ. “ಹೆಸರು ಹೋಗ್ಲಿ ಮೊದ್ಲು.”

ಮೂರನೇ ವಾರ ಮೇಲ್ಬೀದಿಯ ರಂಗಕ್ಕನ ಮೊಮ್ಮಗಳಿಗೆ ವಾಂತಿಭೇದಿ ಹಿಡಿಯಿತು. ನಾಲ್ಕು ವರ್ಷದ ಕೂಸು. ತಿಪಟೂರಿಗೆ ಕರಕೊಂಡು ಹೋಗಿ ಗ್ಲೂಕೋಸ್ ಬಾಟಲಿ ಹಾಕಿಸಿದರು. ಕರೆದುಕೊಂಡು ಹೋದದ್ದು ಗಂಗಾಧರನ ಆಟೊದಲ್ಲೇ. ಅದೇ ದಿನ ಅದೇ ಬೀದಿಯ ಇನ್ನೆರಡು ಮನೆಯಲ್ಲೂ ಹಾಗೇ ಆಯಿತು.

“ಮೊನ್ನೆ ಗೃಹಪ್ರವೇಶದ ಊಟ ಮಾಡಿದ್ರಲ್ಲ, ಆ ಪಾಯಸದಿಂದ,” ಅಂದರು ಕೆಲವರು. ಪಾಯಸ ತಿಂದು ಏನೂ ಆಗದವರೂ ಇದ್ದರು. ತಿನ್ನದೆ ಮಲಗಿದವರೂ ಇದ್ದರು. ಮಳೆ ಬಂದು ಚರಂಡಿ ತುಂಬಿದೆ, ಸೊಳ್ಳೆ, ಅಂದರು ಇನ್ನು ಕೆಲವರು. ಗುಂಪಿನಲ್ಲಿ ಒಬ್ಬರು ನಿಂಬೆಹಣ್ಣಿನ ಮನೆಮದ್ದು ಹಾಕಿದರೆ ಇನ್ನೊಬ್ಬರು ಅದನ್ನು ಕುಡಿಯಲೇಬಾರದು ಅಂತ ಹಾಕಿದರು.

ಚೈತ್ರಳಿಗೆ ಹದಿನೇಳು ವಾರದ ಮಾತು ತಲೆಯಿಂದ ಹೋಗಲಿಲ್ಲ. ಹೋದ ವರ್ಷ ಸ್ತ್ರೀಶಕ್ತಿ ಸಂಘದವರಿಗೆ ನೀರು ಪರೀಕ್ಷೆಯ ತರಬೇತಿ ಕೊಟ್ಟು ಆರು ಪುಟ್ಟ ಬಾಟಲಿ ಕೊಟ್ಟಿದ್ದರು. ಕೊಳಕು ನೀರಾದರೆ ಎರಡು ದಿನದಲ್ಲಿ ಕಪ್ಪಾಗುತ್ತದೆ ಅಂದಿದ್ದರು. ಒಂದು ಉಳಿದಿತ್ತು. ಮೇಲ್ಬೀದಿಯ ನಲ್ಲಿಯಿಂದ ನೀರು ಹಿಡಿದು ತಂದು ಅಡಿಗೆಮನೆಯ ಗೂಡಿನಲ್ಲಿ, ಹುಣಸೆ ಜಾಡಿಯ ಪಕ್ಕ ಇಟ್ಟಳು.

ಮರುದಿನ ಸಂಜೆ ಅಂಕಮ್ಮ ಹುಣಸೆ ತೆಗೆಯಲು ಹೋಗಿ ಕೂಗಿದಳು. “ಇದೇನೇ ಇದು, ಸೀಗೆಕಾಯಿ ನೀರು ಇಟ್ಟಿದೀಯಾ?”

ಬಾಟಲಿ ಕಾಡಿಗೆಯ ಹಾಗೆ ಕಪ್ಪಾಗಿತ್ತು.

ಗಂಗಾಧರ ಅದನ್ನು ಬೆಳಕಿಗೆ ಹಿಡಿದು ಚೀಟಿ ಓದಿದ. “ಇದರ ಡೇಟು ಮುಗಿದು ಎರಡು ತಿಂಗಳಾಗೈತೆ ಕಣೇ. ಹಾಳಾಗಿರೋ ಬಾಟ್ಲಿ ಕಪ್ಪಾಗ್ದೆ ಇನ್ನೇನಾಗ್ತೈತೆ?”

“ಡೇಟ್ ಮುಗಿದ್ರೆ ಕಪ್ಪಾಗುತ್ತಾ? ಇಲ್ಲಾ ಕಪ್ಪಾಗ್ದೆ ಇರುತ್ತಾ?”

“ನಂಗೇನು ಗೊತ್ತು? ತರಬೇತಿ ತಗಂಡೋಳು ನೀನು.”

ಅವಳಿಗೂ ಗೊತ್ತಿರಲಿಲ್ಲ. ತರಬೇತಿ ಕೊಟ್ಟವರ ನಂಬರ್ ಚಾಲ್ತಿಯಲ್ಲಿರಲಿಲ್ಲ.

“ಏನಾದ್ರೂ ಆಗ್ಲಿ, ಗ್ರೂಪಿಗೆ ಹಾಕ್ತೀನಿ. ಮೇಲ್ಬೀದಿಯೋರು ಕಾಯ್ಸ್ಕಂಡು ಕುಡೀಲಿ.”

“ಹಾಕು,” ಎಂದ ಗಂಗಾಧರ. “ಹಾಕಿ, ಅಪ್ಪನ ಕೆಲಸಕ್ಕೆ ಬೆಂಕಿ ಹಚ್ಚು. ಪಟ್ಟಿ ಇನ್ನೂ ಪಿಡಿಓ ಟೇಬಲ್ ಮೇಲೇ ಐತೆ. ನೀರು ಸರಿಯಿಲ್ಲ ಅಂತ ನೀರುಗಂಟಿ ಮನೆಯಿಂದ್ಲೇ ಸುದ್ದಿ ಹೋದ್ರೆ ಅವರು ಹೆಸರು ಬರೀತಾರಾ?”

“ಮಕ್ಳು ಮಲಗವ್ರೆ ರೀ.”

“ಪಾಯಸದಿಂದ ಮಲಗವ್ರೆ! ಡಾಕ್ಟ್ರೇ ನೀರಿಂದ ಅಂತ ಹೇಳಿದಾರಾ? ಇಲ್ವಲ್ಲ?”

ಡಾಕ್ಟರು ಊಟವೋ ನೀರೋ ಎರಡರಲ್ಲಿ ಒಂದು ಅಂದಿದ್ದರು.

ಅಂಕಮ್ಮ ಸೊಸೆಯ ಕೈಯಿಂದ ಫೋನು ಕಿತ್ತುಕೊಂಡು ಒಳಗೆ ಹೋಗಿ ರಾಗಿ ಡಬ್ಬಕ್ಕೆ ಹಾಕಿ ಮುಚ್ಚಳ ಬಡಿದಳು. “ಎರಡು ದಿನ ಊರು ಸುದ್ದಿಯಿಲ್ದೆ ಇರ್ಲಿ. ಸಾಯಲ್ಲ.”

ಚೈತ್ರ ಹಟ ಮಾಡಿ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ. ಮಾವ ಜಗುಲಿಯಲ್ಲಿ ಕೂತಿದ್ದ, ಎಲ್ಲ ಕೇಳಿಸಿಕೊಂಡು. ಮರುದಿನ ಗುಂಪಿಗೆ ನೀರಿನ ಸಮಯವೂ ಹೋಗಲಿಲ್ಲ. ಬೆಳಿಗ್ಗೆ ಆರಕ್ಕೆ ನಾಲ್ಕಾರು ಜನ ಬಾಗಿಲಿಗೇ ಬಂದು ಕೇಳಿಹೋದರು.

ಅದರ ಮರುದಿನ ಬೆಳಿಗ್ಗೆ, ಚಿತ್ರಾನ್ನದ ತಟ್ಟೆ ಮುಂದೆ ಕೂತು ಧನ್ಯಶ್ರೀ ಕೇಳಿದಳು. “ಅಮ್ಮ, ನಮ್ ಸ್ಕೂಲು ಮೇಲ್ಬೀದೀಲೈತಲ್ಲ. ನಲ್ಲಿ ನೀರು ಕುಡೀಬೇಕಾ, ಬೇಡ್ವಾ?”

“ಕುಡಿ, ಏನಾಗಲ್ಲ,” ಎಂದ ಗಂಗಾಧರ.

“ಬೇಡ,” ಎಂದಳು ಚೈತ್ರ.

“ಸೋಸಿ ಕುಡಿ,” ಎಂದ ಮಾಯಣ್ಣ.

ಹುಡುಗಿ ಮೂವರನ್ನೂ ನೋಡಿದಳು. ಅಂಕಮ್ಮ ಎದ್ದು ಹಿತ್ತಲಿನ ಒಲೆಗೆ ಹೋದಳು. ತೆಂಗಿನ ಸೋಗೆ ಮುರಿದಿಟ್ಟು ನೀರು ಕಾಯಿಸಿ, ಆರಿಸಿ, ಬಾಟಲಿಗೆ ತುಂಬಿ ಮೊಮ್ಮಗಳ ಚೀಲಕ್ಕೆ ಹಾಕಿದಳು. ಅದಕ್ಕೆ ಅರ್ಧ ಗಂಟೆ ಹಿಡಿಯಿತು. ಶಾಲೆಗೆ ಹೊತ್ತಾಗಿ ಹುಡುಗಿ ಗೊಣಗಿದಳು.

ಅವಳು ಹೋದ ಮೇಲೆ ಚೈತ್ರ ಮೆಲ್ಲಗೆ ಅಂದಳು. “ನಮ್ ಮಗೂಗೆ ಮಾತ್ರನಾ ಅತ್ತೆ?”

ಅಂಕಮ್ಮ ಪಾತ್ರೆ ಉಜ್ಜಿದಳು. ಹಸುವಿಗೆ ಹುಲ್ಲು ಹಾಕಿದಳು. ಹತ್ತು ಗಂಟೆಗೆ ಮೇಲ್ಬೀದಿಯಿಂದ ಇನ್ನೂ ಇಬ್ಬರು ಮಕ್ಕಳನ್ನು ಕರಕೊಂಡು ಹೋದರು ಅನ್ನುವ ಸುದ್ದಿ ಹಾಲಿನ ಡೈರಿಯವನ ಬಾಯಿಂದ ಬಂತು. ಆಗ ಅವಳು ರಾಗಿ ಡಬ್ಬಕ್ಕೆ ಮೊಣಕೈವರೆಗೆ ಕೈಹಾಕಿ ಫೋನು ತೆಗೆದು, ಸೆರಗಿನಿಂದ ಒರೆಸಿ ಸೊಸೆಯ ಮುಂದಿಟ್ಟಳು.

“ಹಾಕು. ನಿಮ್ಮ ಮಾವನ ಹೆಸರು ಮಾತ್ರ ಬರೀಬ್ಯಾಡ.”

ಚೈತ್ರ ಬರೆದಳು: ‘ಮೇಲ್ಬೀದಿ ಟ್ಯಾಂಕಿಗೆ ನಾಲ್ಕು ತಿಂಗಳಿಂದ ಬ್ಲೀಚಿಂಗ್ ಪೌಡರ್ ಸರಬರಾಜಾಗಿಲ್ಲ. ದಯವಿಟ್ಟು ಎಲ್ಲರೂ ನೀರನ್ನು ಕುದಿಸಿ ಕುಡಿಯಿರಿ. ಶಾಲೆಗೆ ಮನೆಯಿಂದಲೇ ನೀರು ಕಳಿಸಿ.’ ಮಾವನ ಹೆಸರು ಬರೆಯಲಿಲ್ಲ.

ಮಧ್ಯಾಹ್ನದೊಳಗೆ ಊರು ಪಂಚಾಯಿತಿ ಮುಂದೆ ನಿಂತಿತ್ತು. ಪಿಡಿಓ ಹೊರಗೆ ಬಂದು, ಇದು ಸುಳ್ಳು ಸುದ್ದಿ, ಪ್ರತಿ ವಾರ ಪೌಡರ್ ಹಾಕಿದ್ದಕ್ಕೆ ದಾಖಲೆ ಇದೆ ಅಂದು ವಹಿ ಬಿಚ್ಚಿ ತೋರಿಸಿದರು. ಯಾರೋ ಫೋಟೊ ಹೊಡೆದರು. ಐದು ನಿಮಿಷದಲ್ಲಿ ಅದು ಚೈತ್ರಳ ಗುಂಪಿನಲ್ಲೇ ಬಿತ್ತು. ಹದಿನೇಳು ಸಾಲು, ಒಂದರ ಕೆಳಗೊಂದು ‘ಮಾಯಣ್ಣ’, ‘ಮಾಯಣ್ಣ’, ‘ಮಾಯಣ್ಣ’. ನಾಲ್ಕನೇ ಕ್ಲಾಸಿನ ದುಂಡು ಅಕ್ಷರ.

ಕೆಳಗೆ ಒಬ್ಬರು ಬರೆದರು: ‘ಪೌಡ್ರು ಬಂದೈತೆ. ಟ್ಯಾಂಕಿಗೆ ಹೋಗಿಲ್ಲ. ಎಲ್ಲೋಯ್ತು?’ ಇನ್ನೊಬ್ಬರು: ‘ಮಾರ್ಕೊಂಡವ್ನೆ.’ ಅದಕ್ಕೆ ನಲವತ್ತು ಜನ ಹೆಬ್ಬೆರಳು ತೋರಿಸಿದ್ದರು.

ಗಂಗಾಧರ ತಿಪಟೂರಿನಿಂದ ಬರುವ ದಾರಿಯಲ್ಲೇ ನೋಡಿದ್ದ. ಆಟೊ ಅಂಗಳದಲ್ಲಿ ನಿಲ್ಲುವ ಮೊದಲೇ ಕೂಗಿದ. “ತೃಪ್ತಿ ಆಯ್ತಾ? ಕಳ್ಳ ಅಂತಾವ್ರೆ ನಮ್ಮಪ್ಪನ್ನ, ನಿನ್ ಗ್ರೂಪಲ್ಲಿ! ಅಳಿಸು ಅದನ್ನ. ನೀನೇ ಅಡ್ಮಿನ್ನು ತಾನೇ?”

“ಅಳಿಸಿದ್ರೆ ಇನ್ನೊಂದು ಕಡೆ ಹಾಕ್ತಾರೆ ರೀ.”

“ಹಾಕ್ಲಿ! ನಮ್ಮನೇಲಿ ಬ್ಯಾಡ!”

ಚೈತ್ರಳ ಹೆಬ್ಬೆರಳು ಆ ಫೋಟೊದ ಮೇಲೇ ಇತ್ತು. ಹೆಸರು ಬಿಟ್ಟು ಮಾವನನ್ನು ಉಳಿಸಿದಳೋ, ಮುಳುಗಿಸಿದಳೋ ಅವಳಿಗೇ ತಿಳಿಯದಾಯಿತು. ಮಕ್ಕಳಿಗೆ ಕಾಯಿಲೆ ಬಂದದ್ದು ನೀರಿನಿಂದ ಹೌದೋ ಅಲ್ಲವೋ ಅದೂ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ, ಪೌಡರ್ ಇರಲಿಲ್ಲ.

“ಅಳಿಸ್ಬ್ಯಾಡ,” ಎಂದ ಮಾಯಣ್ಣ.

ಎಲ್ಲರೂ ತಿರುಗಿದರು. ಅವನು ಪಂಪ್‌ಹೌಸಿಂದ ಯಾವಾಗ ಬಂದನೋ ಯಾರೂ ನೋಡಿರಲಿಲ್ಲ. ಫೋನು ಈಸಿಕೊಂಡು ತನ್ನ ಸಹಿಗಳನ್ನು ದೂರ ಹಿಡಿದು ನೋಡಿದ.

“ಇಷ್ಟೊಂದು ಹಾಕಿದ್ನಾ ನಾನು?” ಅಂದ. ಆಮೇಲೆ, “ನೀನು ನನ್ ಹೆಸರು ಬರ್ದಿದ್ರೆ ವಾಸಿಯಾಗಿತ್ತೇನೋ ಚೈತ್ರ. ನಾವೇ ಹೇಳ್ದಂಗಾಗ್ತಿತ್ತು.”

“ಗೊತ್ತಾಗ್ಲಿಲ್ಲ ಮಾವ.”

“ನಂಗೂ ಈಗ ಗೊತ್ತಾಗ್ತಿರೋದು.”

ಅವನು ಆ ದಿನ ಉಣ್ಣಲಿಲ್ಲ. ಅಂಕಮ್ಮ ತಟ್ಟೆಗೆ ಬಡಿಸಿ ಮುಚ್ಚಿಟ್ಟಳು, ಮರುದಿನ ಅದನ್ನು ಹಸುವಿಗೆ ಹಾಕಿದಳು. ಗಂಗಾಧರ ಹೆಂಡತಿಯೊಡನೆ ಮಾತು ಬಿಟ್ಟ. ಬೇಕಾದ್ದನ್ನು ಮಗಳ ಮೂಲಕ ಕೇಳಿದ. “ನಿಮ್ಮಮ್ಮನ್ನ ಟವಲ್ ಕೇಳು.” “ಅಮ್ಮ, ಅಪ್ಪಂಗೆ ಟವಲ್ಲಂತೆ.” ಎರಡೇ ದಿನದಲ್ಲಿ ಆ ಹುಡುಗಿ ಮನೆಯೊಳಗೆ ಓಡಾಡಿ ಸುಸ್ತಾದಳು.

ನಾಲ್ಕನೇ ವಾರದ ಗುರುವಾರ ಹನ್ನೊಂದು ಗಂಟೆಗೆ ವಿಶೇಷ ಗ್ರಾಮಸಭೆ. ಅದನ್ನು ಕರೆದದ್ದು ಪಟ್ಟಣ ಪಂಚಾಯಿತಿ ಬೇಕೋ ಬೇಡವೋ ಅಂತ ಕೇಳಲು. ತಾಲ್ಲೂಕಿನಿಂದ ಒಬ್ಬ ಮೇಡಂ ಬಂದಿದ್ದರು. ಮೊದಲು ನಾಲ್ಕು ಹಳ್ಳಿಯವರು ಎದ್ದು ನಮ್ಮನ್ನು ಸೇರಿಸಬೇಡಿ ಅಂದರು. ತೊರೆಕಟ್ಟೆಯವರಲ್ಲಿ ಅರ್ಧ ಜನ ಬೇಕು ಅಂದರು. ಖಾತ್ರಿ ಕೆಲಸ ಹೋಗುತ್ತಾ ಅಂತ ಅಂಕಮ್ಮನೇ ಎದ್ದು ಕೇಳಿದಳು. ಮೇಡಂ ಅದಕ್ಕೆ ಬೇರೆ ಯೋಜನೆ ಇರಬಹುದು ಅಂದರು. ಇರಬಹುದು ಅಂದರೆ ಇದೆಯೋ ಇಲ್ಲವೋ ಅಂತ ಅಂಕಮ್ಮ ಮತ್ತೆ ಕೇಳಿದಳು. ಮೇಡಂ ಬರೆದುಕೊಂಡರು.

ಆಮೇಲೆ ಹಿಂದಿನಿಂದ ಯಾರೋ, “ಟೌನು ಆಮೇಲೆ, ಮೊದ್ಲು ನೀರು ಹೇಳ್ರೀ!” ಎಂದು ಕೂಗಿದ್ದೇ ತಡ, ಸಭೆ ಒಂದೇ ಸಲಕ್ಕೆ ಎದ್ದಿತು. ಪಿಡಿಓ ವಹಿಯನ್ನು ಮೇಡಂ ಮುಂದಿಟ್ಟರು.

“ಮಾಯಣ್ಣ ಅಂದ್ರೆ ಯಾರು?” ಎಂದರು ಮೇಡಂ.

ಮಾಯಣ್ಣ ಕಂಬದ ಪಕ್ಕ ನಿಂತಿದ್ದ. ಒಗೆದ ಬಿಳಿ ಅಂಗಿ ಹಾಕಿದ್ದ. ಎರಡು ಹೆಜ್ಜೆ ಮುಂದೆ ಬಂದ.

“ಈ ಸಹಿ ನಿಮ್ಮದಾ?”

“ಸಹಿ ನಂದೇ ಅಮ್ಮ. ಪೌಡ್ರು ನಂದಲ್ಲ. ಪೌಡ್ರೇ ಬಂದಿಲ್ಲ.”

“ಬರದೆ ಹೇಗೆ ಸಹಿ ಹಾಕಿದ್ರಿ?”

“ಒಂದೇ ದಿನ ಹಾಕ್ದೆ. ಅಷ್ಟೂ. ನೋಡಿ, ಒಂದೇ ಪೆನ್ನು.”

ಮೇಡಂ ಪುಟ ತಿರುವಿದರು. ಹದಿನೇಳೂ ಒಂದೇ ನೀಲಿ. ಪಿಡಿಓ, “ಒತ್ತಾಯ ಯಾರೂ ಮಾಡಿಲ್ಲ ಮೇಡಂ, ಅವನೇ…” ಅಂದರು.

“ಹೌದಮ್ಮ, ಹೊಡೆದೇನೂ ಹಾಕಿಸ್ಲಿಲ್ಲ,” ಎಂದ ಮಾಯಣ್ಣ. “ಪಟ್ಟೀಲಿ ನನ್ ಹೆಸರು ಹೋಗ್ಲಿ ಅಂತ ಹಾಕ್ದೆ. ಓದಿಲ್ಲ ನಾನು. ಇದು ಹೋದ್ರೆ ನಂಗೆ ಬೇರೆ ಕೆಲಸ ಬರಲ್ಲ.”

ಚೈತ್ರ ಹೆಂಗಸರ ಸಾಲಿನಲ್ಲಿ ಕೂತು ಸೆರಗು ಹಿಂಡುತ್ತಿದ್ದಳು. ಇನ್ನು ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ ಅಂದುಕೊಂಡಳು. ಆದರೆ ಎದ್ದವಳು ರಂಗಕ್ಕ.

“ನಿನ್ನೆಸ್ರು ಹೋಗ್ಲಿ ಅಂತಾನಾ ಮಾಯಣ್ಣ? ನನ್ ಕೂಸು ನಾಕು ದಿನ ಕಣ್ಣು ಬಿಡ್ಲಿಲ್ಲ ಕಣಪ್ಪ. ಪೌಡ್ರಿಲ್ಲ ಅಂತ ಒಂದ್ಮಾತು ಬಾಯಲ್ಲಿ ಹೇಳಾಕೆ ನಿಂಗೇನಾಗಿತ್ತು? ದಿನಾ ನನ್ ಬಾಗ್ಲು ಮುಂದೇನೇ ಹೋಯ್ತೀಯ.”

ಮಾಯಣ್ಣ ಹಿಂದಕ್ಕೆ ಸರಿದು ಕಂಬ ಹಿಡಿದುಕೊಂಡ. ಗಂಗಾಧರ ಗಂಡಸರ ಗುಂಪಿನಿಂದ ಬಂದು ಅಪ್ಪನ ಪಕ್ಕ ನಿಂತ. ಹಾಗೆ ನಿಂತಿದ್ದಷ್ಟೇ.

ಆ ಸಂಜೆಯೇ ಎಲ್ಲಿಂದಲೋ ಎರಡು ಚೀಲ ಪೌಡರ್ ಬಂತು. ಮಾಯಣ್ಣ ಮೇಲ್ಬೀದಿ ಟ್ಯಾಂಕು ಹತ್ತಿ ತೊಳೆದ. ಈ ಸಲ ಗಂಗಾಧರನೂ ಹತ್ತಿದ. ಅಡಿಯಿಂದ ಮೂರು ಬಕೆಟ್ಟು ಕೆಸರು ಬಂತು. ಮರುದಿನ ಪೌಡರ್ ಹಾಕಿದ ಮೇಲೆ ತಾಲ್ಲೂಕಿನವರು ಬಂದು ನೀರಿನ ಮಾದರಿ ಹಿಡಿದುಕೊಂಡು ಹೋದರು. ವಾರದ ಮೇಲೆ ವರದಿ ಬಂತು: ನೀರು ಕುಡಿಯಲು ಯೋಗ್ಯವಾಗಿದೆ.

“ಹಂಗಾದ್ರೆ ಮೊದ್ಲು?” ಎಂದ ಗಂಗಾಧರ ವರದಿ ಓದುತ್ತಾ. ಮಾತು ಬಿಟ್ಟದ್ದು ಮರೆತು ಹೆಂಡತಿಯನ್ನೇ ಕೇಳಿದ. “ಮೊದ್ಲು ಯೋಗ್ಯ ಇತ್ತಾ, ಇರ್ಲಿಲ್ವಾ?”

“ಅದು ಇದ್ರಲ್ಲಿ ಇಲ್ಲ ರೀ. ಇದು ಆಮೇಲಿನ ನೀರಿಂದು.”

“ಪಾಯಸದಿಂದ್ಲೇ ಆಗಿದ್ರೆ?”

“ಆಗಿದ್ರೂ ಆಗಿರ್ಬೋದು.”

ಅವನು ವರದಿಯನ್ನು ಮಡಿಸಿ ಕೊಟ್ಟ. “ಟವಲ್ ಕೊಡು,” ಅಂದ. ಧನ್ಯಶ್ರೀ ಏಳಲು ಹೋದವಳು ಅಲ್ಲೇ ಕೂತಳು.

ಪಿಡಿಓ ಬೇರೆಡೆಗೆ ಹೋದರು. ಶಿಕ್ಷೆಯಾಗಿ ಹೋದರೋ, ಅವರೇ ಕೇಳಿಕೊಂಡು ಹೋದರೋ ಯಾರೂ ಹೇಳಲಿಲ್ಲ. ನಾಲ್ಕು ಹಳ್ಳಿಯ ಆಕ್ಷೇಪಣೆ ತುಮಕೂರಿಗೆ ಹೋಗಿದೆ, ಪಟ್ಟಣ ಪಂಚಾಯಿತಿ ಮುಂದಿನ ವರ್ಷ ಅಂತ ಒಂದು ಪತ್ರಿಕೆ ಬರೆಯಿತು, ಇನ್ನೊಂದು ಕೈಬಿಟ್ಟಿದ್ದಾರೆ ಅಂತ ಬರೆಯಿತು. ಚೈತ್ರ ಎರಡನ್ನೂ ಹಾಕಿ, ಕೆಳಗೆ ‘ಯಾವುದು ಸರಿ ಎಂದು ಖಚಿತವಾಗಿಲ್ಲ’ ಎಂದು ಬರೆದಳು. ನೌಕರರ ಪಟ್ಟಿ ಎಲ್ಲಿದೆ ಅಂತ ಶ್ರೀರಂಗಯ್ಯನನ್ನು ಕೇಳಿದರೆ, “ಹೋಗೈತೆ ಅಂತಾರೆ, ವಾಪಸ್ ಬಂದೈತೆ ಅಂತಾರೆ,” ಅಂದ. ಮಾಯಣ್ಣನಿಗೆ ಕೆಲಸ ಬಿಡು ಅಂತ ಯಾರೂ ಹೇಳಲಿಲ್ಲ, ಮಾಡು ಅಂತಲೂ ಹೇಳಲಿಲ್ಲ. ಅವನು ಐದಕ್ಕೆ ಎದ್ದು ಹೋಗುತ್ತಿದ್ದ. ಮೇಲ್ಬೀದಿಯಲ್ಲಿ ಯಾರೂ ಅವನನ್ನು ಕೂಗಿ ಮಾತಾಡಿಸುತ್ತಿರಲಿಲ್ಲ.

ಮಾರ್ನವಮಿಗೆ ನಾಲ್ಕು ದಿನವಿತ್ತು. ಅಂಕಮ್ಮ ಜಗುಲಿಯಲ್ಲಿ ಕಾಯಿ ತುರಿಯುತ್ತಿದ್ದಳು, ಮಾಯಣ್ಣ ಕಾಲು ಚಾಚಿ ಕೂತಿದ್ದ, ಚೈತ್ರ ಅಕ್ಕಿ ಆರಿಸುತ್ತಿದ್ದಳು. ರಂಗಕ್ಕ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಂಗಳಕ್ಕೆ ಬಂದಳು. ಕೂಸು ಸೊರಗಿತ್ತು, ಕಣ್ಣು ಮಾತ್ರ ಚುರುಕಾಗಿತ್ತು. ಬಿಸಿಲಲ್ಲಿ ನಡೆದು ಬಂದು ರಂಗಕ್ಕನ ಮುಖ ಕೆಂಪಾಗಿತ್ತು. ಕೂರು ಅಂದರೂ ಕೂರಲಿಲ್ಲ.

“ಮಾಯಣ್ಣ, ಒಂದು ಕೇಳೋಣ ಅಂತ ಬಂದೆ. ಪಂಚಾಯ್ತೀಲಿ ಬೋರ್ಡ್ ಹಾಕವ್ರೆ, ನೀರು ಚೆನ್ನಾಗೈತೆ ಅಂತ. ನನ್ ಸೊಸೆ ಕಾಯ್ಸೋದ್ ಬ್ಯಾಡ ಅಂತಾಳೆ. ನೀನ್ ಹೇಳು. ಕುಡೀಬೋದಾ?”

ಮಾಯಣ್ಣ ಚೈತ್ರಳ ಕಡೆ ನೋಡಿದ. ಚೈತ್ರ ಅಕ್ಕಿ ಆರಿಸುತ್ತಲೇ ಇದ್ದಳು. ಅವನು ಚಾಚಿದ ಕಾಲು ಮಡಿಸಿ ಕೂತ.

“ಪೌಡ್ರು ಹಾಕ್ತಿದೀನಿ ರಂಗಕ್ಕ. ನಿನ್ನೇನೂ ಹಾಕ್ದೆ. ಇನ್ನೂ ಒಂದೂವರೆ ಚೀಲ ಐತೆ. ಆಮೇಲೆ ಬತ್ತದೋ ಇಲ್ವೋ ಗೊತ್ತಿಲ್ಲ. ಕೆಳಗೆ ಪೈಪು ಎಲ್ಲೆಲ್ಲಿ ಒಡೆದೈತೋ ಅದೂ ಗೊತ್ತಿಲ್ಲ, ಮಣ್ಣೊಳಗೈತೆ. ಬೋರ್ಡ್ ಹಾಕಿರೋದು ಸರೀನೋ ತಪ್ಪೋ ನಂಗೆ ಗೊತ್ತಾಗಲ್ಲ.” ತಡೆದು ಹೇಳಿದ. “ಕೂಸಿಗೆ ಕಾಯ್ಸೇ ಕೊಡು.”

ರಂಗಕ್ಕ ಅವನನ್ನು ನೋಡುತ್ತಾ ನಿಂತಳು. ಆಮೇಲೆ ಕೂಸನ್ನು ಇಳಿಸಿ, ಜಗುಲಿಯ ತುದಿಯಲ್ಲಿ ಕೂತಳು.

“ಒಂದು ಲೋಟ ನೀರು ಕೊಡೇ ಅಂಕಮ್ಮ, ಬಾಯಿ ಒಣಗೋಯ್ತು.”

ಅಂಕಮ್ಮ ಒಳಗಿಂದ ತಂಬಿಗೆ ತಂದಳು. ರಂಗಕ್ಕ ಈಸಿಕೊಂಡು, ಒಳಗೆ ಬಗ್ಗಿ ನೋಡಿದಳು.

“ಕಾಯ್ಸಿರೋದೇ, ಕುಡಿ,” ಎಂದಳು ಅಂಕಮ್ಮ.

ರಂಗಕ್ಕ ಮೊದಲು ಕೂಸಿಗೆ ಎರಡು ಗುಟುಕು ಕುಡಿಸಿದಳು. ಆಮೇಲೆ ತಲೆ ಹಿಂದಕ್ಕೆ ಮಾಡಿ, ತಂಬಿಗೆ ಎತ್ತಿ, ಪೂರ್ತಿ ಕುಡಿದಳು.